ಬೀಗದ ಪಾಠ ಬಿಡದ ಮನಾಂಗ್ ಸಾಲ್ವಿಂಗ್

ಬೆಳಗಿನ ಐದೂವರೆ. ಐವತ್ತೆಂಟು ವರ್ಷದ ಸಾಲ್ವಿಂಗ್ ಗುಂಬನ್, ತರಬೇತಿ ಭವನದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹತ್ತಿ ನಿಂತು ಫ್ಲೆಕ್ಸಿನ ದಾರ ಬಿಚ್ಚುತ್ತಿದ್ದಾರೆ. ಫ್ಲೆಕ್ಸಿನಲ್ಲಿ ಮೇಯರ್ ಸಾಹೇಬರು ಆಳೆತ್ತರಕ್ಕೆ ನಗುತ್ತಿದ್ದಾರೆ. ಆ ನಗುವಿನ ಹಿಂದೆ ಕರಿಹಲಗೆ ಪೂರ್ತಿ ಮುಚ್ಚಿಹೋಗಿದೆ.

"ಹತ್ತೊಂಬತ್ತು ವರ್ಷದಿಂದ ಹೇಳ್ತಾ ಇದೀನಿ, ಮುಖಾನ ಬೇರೆ ಗೋಡೆಗೆ ಹಾಕ್ರಪ್ಪಾ ಅಂತ. ನಾಲ್ಕು ಮೇಯರ್ ಬದಲಾದ್ರು. ಗೋಡೆ ಮಾತ್ರ ಅದೇ!" ಫ್ಲೆಕ್ಸನ್ನು ಮಡಚಿ ಮೂಲೆಗಿಟ್ಟು, ಕಾಫಿಯಲ್ಲಿ ಬನ್ನು ಅದ್ದಿಕೊಂಡು ತಿನ್ನುತ್ತಲೇ ಹಾಳೆಗಳನ್ನು ಜೋಡಿಸತೊಡಗುತ್ತಾರೆ.

ಪನಾಯ್ ದ್ವೀಪದ ಈ ಪಟ್ಟಣದಲ್ಲಿ ಚುನಾವಣೆ ಗೆದ್ದ ಗ್ರಾಮದ ಮುಖ್ಯಸ್ಥರೆಲ್ಲ ಆಡಳಿತ ಕಲಿಯಲು ಇವರ ಮುಂದೆಯೇ ಬಂದು ಕೂರಬೇಕು. ಅವರೆಲ್ಲ 'ಕ್ಯಾಪ್', ಅಂದರೆ ಕ್ಯಾಪ್ಟನ್. ಅವರೆಲ್ಲರಿಗೂ ಸಾಲ್ವಿಂಗ್ 'ಮನಾಂಗ್', ಅಂದರೆ ಅಕ್ಕ. ಅಕ್ಕನ ಕೆಲಸ ಮಾತ್ರ ಇವತ್ತಿಗೂ ಆರಾರು ತಿಂಗಳ ಗುತ್ತಿಗೆ. ಸೇರಿದ್ದು ಬೆರಳಚ್ಚುಗಾರ್ತಿಯಾಗಿ. ರಾಜಧಾನಿಯಿಂದ ಬಂದ ಪಂಡಿತರು ಯಾವುದೋ ದೇಶದ ನಗರಸಭೆಯ ಕಥೆ ಹೇಳುವಾಗ ಕ್ಯಾಪ್ಟನ್‌ಗಳು ಗೊರಕೆ ಹೊಡೆಯುವುದನ್ನು ನೋಡಿ ನೋಡಿ ರೋಸಿಹೋಗಿ, ಸುತ್ತಲಿನ ಊರುಗಳಲ್ಲಿ ನಿಜವಾಗಿ ನಡೆದದ್ದನ್ನೇ ಪಾಠವಾಗಿ ಬರೆಯಲು ಕೂತರು. ಗಂಡನ ಟ್ರೈಸಿಕಲ್, ಅಂದರೆ ಪಕ್ಕಕ್ಕೆ ಗಾಡಿ ಕಟ್ಟಿದ ಬೈಕು, ಹತ್ತಿ ಹಳ್ಳಿ ತಿರುಗುತ್ತಾರೆ. ಸಾವಿನ ಮನೆಯಲ್ಲಿ ರಾತ್ರಿ ಜಾಗರಣೆಗೆ ಇಸ್ಪೀಟು ಆಡುವವರ ಪಕ್ಕ ಕೂರುತ್ತಾರೆ. ಕಡತದಲ್ಲಿ ಸಿಗದ ಸಂಗತಿ ಅಲ್ಲಿ ಸಿಗುತ್ತದೆ ಎನ್ನುವುದು ಅವರ ಅನುಭವ.

ಹೀಗೆ ಬರೆದ ಪಾಠಗಳು ಎಪ್ಪತ್ತೊಂದು. ಕಲಿಸಲು ಅನುಮತಿ ಸಿಕ್ಕಿದ್ದು ಇಪ್ಪತ್ತಾರಕ್ಕೆ. ಕಸ ವಿಂಗಡಿಸಲು ಕಟ್ಟಿದ ಶೆಡ್ಡಿನಲ್ಲಿ ಕ್ಯಾಪ್ಟನ್‌ನ ಜೂಜಿನ ಹುಂಜಗಳು ಸಂಸಾರ ಹೂಡಿದ ಪಾಠ ಮೊದಲ ವಾರವೇ ಕಪಾಟು ಸೇರಿತು. ಎಲ್ಲರಿಗೂ ಬಹುಮಾನ ಗೆದ್ದ ಊರಿನ ಕಥೆಯೇ ಬೇಕು. ಸೋತ ಊರು ಯಾರಿಗೂ ಬೇಡ.

ಸೋತ ಊರುಗಳ ಪೈಕಿ ಅಕ್ಕ ಹಠ ಹಿಡಿದು ಉಳಿಸಿಕೊಂಡದ್ದು ಬೀಗದ ಪಾಠ. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಚಂಡಮಾರುತ ಬಂದಾಗ ಆ ಊರಿನ ಆಶ್ರಯ ಭವನಕ್ಕೆ ಬೀಗ. ಕೀ ಕ್ಯಾಪ್ಟನ್‌ನ ಪ್ಯಾಂಟಿನ ಜೇಬಿನಲ್ಲಿ. ಕ್ಯಾಪ್ಟನ್ ಇಡೀ ಗ್ರಾಮ ಪರಿಷತ್ತನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಅಧ್ಯಯನ ಪ್ರವಾಸಕ್ಕೆ ಹೋಗಿದ್ದಾರೆ. ಅಧ್ಯಯನದ ವಿಷಯ, ಚಂಡಮಾರುತಕ್ಕೆ ಸಜ್ಜಾಗುವುದು ಹೇಗೆ! ಫೋನು ಸತ್ತಿತ್ತು. ಅರವತ್ತಮೂರು ಜನ ಮೂರು ಗಂಟೆ ಭವನದ ಬಾಗಿಲ ಮುಂದೆ ಸೂರಿನಡಿ ನೆನೆಯುತ್ತ ನಿಂತರು. ಸೊಂಟದಲ್ಲಿ ಮಚ್ಚು ಕಟ್ಟಿದ್ದ ನಾಲ್ವರು ಊರ ಕಾವಲುಗಾರರೂ ಅವರ ಜೊತೆಗೇ ನಿಂತರು. ಎಂಬತ್ತೆರಡರ ಪಾಸಿಂಗ್ ಅಜ್ಜಿಗೆ ಹತ್ತಿದ ಚಳಿ ಬಿಡಲೇ ಇಲ್ಲ. ನಾಲ್ಕನೆಯ ದಿನ ತೀರಿಕೊಂಡರು.

ಪಾಠದಲ್ಲಿ ಊರಿನ ಹೆಸರಿಲ್ಲ. ಆದರೆ ಯಾರ ಊರೆಂದು ತಾಲ್ಲೂಕಿಗೇ ಗೊತ್ತು. ಆ ಕ್ಯಾಪ್ಟನ್ ಇಸ್ಲಾವ್ ಪಗುನ್ಸನ್ ಮತ್ತೆ ಗೆದ್ದಿದ್ದಾರೆ, ಇವತ್ತು ತರಗತಿಗೂ ಬರುತ್ತಾರೆ. ಮೇಲಧಿಕಾರಿ ನಿನ್ನೆ ಅಕ್ಕನನ್ನು ಕರೆಸಿ, ಕ್ಯಾಪ್ಟನ್ ಬರೆದು ಒಪ್ಪಿಗೆ ಕೊಡದಿದ್ದರೆ ಇವತ್ತಿಗೇ ಆ ಪಾಠ ಕೊನೆ, ಮೀರಿದರೆ ಗುತ್ತಿಗೆಯೂ ಕೊನೆ ಎಂದಿದ್ದಾರೆ. ಮಳೆಗಾಲಕ್ಕೆ ಇನ್ನು ಮೂರು ವಾರವಿದೆ. ನಲವತ್ತೊಂದು ಊರುಗಳ ಆಶ್ರಯ ಭವನಗಳ ಕೀ ನಲವತ್ತೊಂದು ಜೇಬುಗಳಲ್ಲಿವೆ.

"ಗುತ್ತಿಗೆ ಹೋದ್ರೆ ಹೋಗ್ಲಿ, ಬಾಳೆಹಣ್ಣು ಕರಿದು ಮಾರ್ತೀನಿ. ಈ ಪಾಠ ಹೋದ್ರೆ ಇನ್ನೊಂದು ಅಜ್ಜಿ ಸಾಯ್ತಾಳೆ," ಎನ್ನುತ್ತಾರೆ ಅಕ್ಕ.

ಎಂಟು ಗಂಟೆಗೆ ಶುರುವಾಗಬೇಕಾದ ತರಗತಿ ಒಂಬತ್ತೂವರೆಗೆ ಶುರುವಾಗುತ್ತದೆ. ಫ್ಲೆಕ್ಸ್ ಎಲ್ಲಿ ಹೋಯಿತೆಂದು ಮೂವರು ವಿಚಾರಿಸುತ್ತಾರೆ, ಫೋಟೋ ತೆಗೆಸಿಕೊಳ್ಳಬೇಕಂತೆ. ಬೀಗದ ಪಾಠದ ಹಾಳೆ ಓದಿದವರು ಹಿಂದಿನ ಸಾಲಿನಲ್ಲಿ ಕೂತ ಇಸ್ಲಾವ್ ಕಡೆ ಕಣ್ಣು ಮಿಟುಕಿಸುತ್ತಾರೆ. ಅಕ್ಕ ಮೇಜು ಕುಟ್ಟುತ್ತಾರೆ.

"ಯಾವೂರು ಅಂತ ಕೇಳಿಲ್ಲ ನಾನು. ಆ ಸೂರಿನ ಕೆಳಗೆ ನೀವು ನಿಂತಿದ್ರೆ ಏನ್ ಮಾಡ್ತಿದ್ರಿ, ಅದನ್ನ ಹೇಳಿ."

"ಎರಡನೇ ಕೀ ಮಾಡಿಸ್ತಿದ್ದೆ, ಮನಾಂಗ್."

"ಮಳೆ ಸುರೀತಾ ಇದೆ ಕ್ಯಾಪ್. ಕೀ ಮಾಡೋನೂ ಮನೇಲಿ ಬಾಗಿಲು ಹಾಕ್ಕೊಂಡಿದಾನೆ."

"ಹಂಗಾದ್ರೆ ತುರ್ತು ಠರಾವು," ಎನ್ನುತ್ತಾರೆ ಮುಂದಿನ ಸಾಲಿನ ಕ್ಯಾಪ್ ಮೆರ್ಲಿಂಡಾ.

"ಠರಾವಿಗೆ ಕೈ ಎತ್ತೋರೆಲ್ಲ ಬಸ್ಸಲ್ಲಿದಾರೆ, ತಾಯಿ!" ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. ಪ್ರತಿ ತಂಡದಲ್ಲೂ ಇದೇ ಉತ್ತರ. ಬೀಗ ಒಡೆಯುತ್ತಿದ್ದೆ ಎನ್ನುವ ಒಂದು ಮಾತು ಯಾರ ಬಾಯಿಂದಲೂ ಬರುವುದಿಲ್ಲ.

ಆಗ ಇಸ್ಲಾವ್ ಎದ್ದು ನಿಲ್ಲುತ್ತಾರೆ.

"ಆ ಕ್ಯಾಪ್ಟನ್ ನಾನೇ. ಎಲ್ಲರಿಗೂ ಗೊತ್ತು, ಸುಮ್ನೆ ಯಾಕೆ ನಾಟಕ. ಮನಾಂಗ್, ನಿಮ್ಮ ಪಾಠ ತಪ್ಪು."

ಪಾಠದ ಕಥೆ ಇಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತಾರೆ ಅಕ್ಕ.

"ಕೀ ಇಲ್ದೆ ನಿಂತರು ಅಂತ ಬರ್ದಿದೀರ. ಅಲ್ಲ. ಅದರ ಹಿಂದಿನ ವರ್ಷ ಯಾರೋ ಸತ್ತಾಗ ಜಾಗರಣೆಗೆ ಬಂದೋರಿಗೆ ಕುರ್ಚಿ ಬೇಕು ಅಂತ ಕಾವಲುಗಾರ ಡೋರೋ ಅದೇ ಭವನದ ಬೀಗ ಒಡೆದಿದ್ದ. ಭಾನುವಾರ ಚರ್ಚಿನ ಮುಂದೆ ಊರೆಲ್ಲ ಸೇರಿದಾಗ ಅವನನ್ನ ಕಳ್ಳ ಅಂದೆ, ಅವನ ಹೆಂಡ್ತಿ ಮಕ್ಕಳ ಎದುರಿಗೇ. ಆಮೇಲೆ ಯಾವನು ಮುಟ್ತಾನೆ ಹೇಳಿ ಆ ಬೀಗಾನ? ಕೀ ಅಲ್ಲ ಮನಾಂಗ್, ನನ್ನ ಬಾಯಿ ಕೊಂದಿದ್ದು ಆ ಮುದುಕೀನ."

ಇಸ್ಲಾವ್ ಮುಂದೆ ಬಂದು ಹಾಳೆ ಕೇಳಿ ಪಡೆದು, ಊರಿನ ಹೆಸರನ್ನೂ ತನ್ನ ಹೆಸರನ್ನೂ ಪೂರ್ತಿ ಬರೆದು ಸಹಿ ಹಾಕುತ್ತಾರೆ. ಇದನ್ನೂ ಸೇರಿಸಿ, ಕಲಿಸಿ, ಎಂದಷ್ಟೇ ಹೇಳಿ ಹೋಗಿ ಕೂರುತ್ತಾರೆ. ಮೆರ್ಲಿಂಡಾ ಕೈ ಎತ್ತಿ, ಊರಿಗೆ ಹೋದ ಕೂಡಲೇ ತನ್ನ ಕಾವಲುಗಾರರನ್ನು ಕರೆಸಿ ಮಾತಾಡುವೆ ಎನ್ನುತ್ತಾರೆ.

ಊಟದ ಹೊತ್ತಿಗೆ ಅಕ್ಕನ ಸಿಟ್ಟು ಸ್ವತಃ ಅವರ ಮೇಲೆಯೇ ತಿರುಗಿದೆ. "ನಾಲ್ಕು ವರ್ಷ! ಡೋರೋ ಹತ್ರ ಮೂರು ಸಲ ಮಾತಾಡಿದೀನಿ. ಕೀ ಇರ್ಲಿಲ್ಲ ಅಂದ, ನಾನು ಬರ್ಕೊಂಡೆ. ಕತ್ತೆ ನಾನು. ಏನ್ ಮಾಡ್ತಿದ್ರಿ ಅಂತ ಎಲ್ಲರನ್ನೂ ಕೇಳೋಳು, ಯಾಕೆ ಒಡೀಲಿಲ್ಲ ಅಂತ ಅವನೊಬ್ಬನನ್ನ ಕೇಳ್ಲಿಲ್ಲ." ಬೈದುಕೊಳ್ಳುತ್ತಲೇ ಪೆನ್ನು ತೆಗೆದು ಹಾಳೆಯ ಕೊನೆಯ ಪ್ರಶ್ನೆಯನ್ನು ಹೊಡೆದುಹಾಕಿ ಹೊಸದು ಬರೆಯುತ್ತಾರೆ: 'ನಿಮ್ಮ ಊರಿನಲ್ಲಿ ನಿಮಗೆ ಹೆದರುವವರು ಯಾರು?'

ಹೋಗಲಿ, ಪಾಠ ಉಳಿಯಿತಲ್ಲ, ಇನ್ನೇನು ಬೇಕು ಎಂದರೆ ಅಕ್ಕ ತಟ್ಟೆಯಿಂದ ತಲೆ ಎತ್ತದೆಯೇ ಹೇಳುತ್ತಾರೆ.

"ಒಂದು ತಂಡ, ಒಂದೇ ಒಂದು ತಂಡ ಇದನ್ನ ಓದಿ, 'ಏನ್ ಮನಾಂಗ್, ಸುಳ್ಳು ಕಥೆ ಕಟ್ತೀರಾ? ಬೀಗ ಒಡೆಯೋಕೆ ಯಾರಾದ್ರೂ ಮೂರು ಗಂಟೆ ಕಾಯ್ತಾರಾ?' ಅಂತ ನನಗೇ ಬೈಬೇಕು. ಅವತ್ತು ಈ ಪಾಠಾನ ನನ್ನ ಕೈಯಾರೆ ಹರಿದು ಹಾಕ್ತೀನಿ."