ನಡುಗಡ್ಡೆಗೆ ಹೆಣ್ಣು ತರುವ ಕಾಲ

ಕೊಣನೂರಿನಿಂದ ಕೆಳಗೆ, ಕಾವೇರಿ ಎರಡಾಗಿ ಒಡೆದು ಮತ್ತೆ ಕೂಡುವ ಕಡೆ, ಒಂಬತ್ತು ಮನೆಗಳ ನಡುಗಡ್ಡೆಯೊಂದಿತ್ತು. ಧಾತು ಸಂವತ್ಸರದ ಬರದಲ್ಲಿ ಕುರಿ ಹೊಡೆದುಕೊಂಡು ಬಂದ ಅಜ್ಜನೊಬ್ಬ ಅಲ್ಲಿ ಹಸಿರು ಹುಲ್ಲು ಕಂಡು ನಿಂತುಬಿಟ್ಟಿದ್ದ. ಅವನ ಮೊಮ್ಮಗ ಬೀರಲಿಂಗಯ್ಯ ಮಾತ್ರ ನಿಂತಲ್ಲಿ ನಿಲ್ಲುವ ಆಸಾಮಿಯಲ್ಲ. ಹೊಳೆ ತನ್ನ ಮಾತು ಕೇಳುತ್ತದೆಂದು ಅವನು ನಂಬಿದ್ದ. ಹೊಳೆಗೆ ಈ ವಿಷಯ ಯಾರೂ ತಿಳಿಸಿರಲಿಲ್ಲ.

ಬೇಸಿಗೆಯಲ್ಲಿ ಅಲ್ಲಿಗೆ ಗಾಡಿಯೇ ಹೋಗುತ್ತಿತ್ತು. ಮರಳಿನಲ್ಲಿ ಸೌತೆ, ಕಲ್ಲಂಗಡಿ ಬೆಳೆಯುತ್ತಿದ್ದವು. ಕೊಡಗಿನಲ್ಲಿ ಮಳೆ ಹಿಡಿದರೆ ನಾಲ್ಕು ತಿಂಗಳು ಹರಿಗೋಲೇ ಗತಿ. ಅದಕ್ಕೆ ಮೊದಲೇ ಉಪ್ಪು, ಬೆಲ್ಲ, ಬೆಂಕಿಪೊಟ್ಟಣ ಮನೆ ಸೇರುತ್ತಿದ್ದವು, ಬಸುರಿಯರು ತವರು ಸೇರುತ್ತಿದ್ದರು. ಹೆಣ್ಣಿನ ಕಡೆಯವರನ್ನು ಕರೆಯುತ್ತಿದ್ದುದಂತೂ ಬೇಸಿಗೆಯಲ್ಲೇ. ಇದು ಮೋಸವಲ್ಲ, ಸಂಪ್ರದಾಯ ಎಂದು ಬೀರಲಿಂಗಯ್ಯ ಸಾಧಿಸುತ್ತಿದ್ದ.

ಐವತ್ತೆಂಟನೇ ಇಸವಿಯಲ್ಲಿ ಅವನ ಮಗನಿಗೆ ಹಳ್ಳಿಮೈಸೂರಿನ ಅಣ್ಣಯ್ಯನ ಮಗಳು ವಿಜಯಮ್ಮ ಹೀಗೆಯೇ ಗೊತ್ತಾದಳು. ಆದರೆ ಲಗ್ನದ ಮಾತಿಗೆಂದು ಅಣ್ಣಯ್ಯ, ಹೇಳದೆ ಕೇಳದೆ, ಮೃಗಶಿರೆ ಮಳೆಯ ಹೊತ್ತಿಗೆ ಮಂಡಿಯುದ್ದ ನೀರು ದಾಟಿ ಬಂದು ಉಣ್ಣಲು ಕೂತ. ಒಳಗಿನಿಂದ ಬೀರಲಿಂಗಯ್ಯನ ಹೆಂಡತಿ ಪುಟ್ಟಲಕ್ಷ್ಮಮ್ಮ ಗಂಡನಿಗೆ ಪಿಸುಗುಟ್ಟಿದಳು: "ನೀರು ಕೆಂಪಗಾಯ್ತಾ ಅದೆ, ಹೊಳೆ ಏರ್ತದೆ. ಬ್ಯಾಗ ಕಳ್ಸಿ."

ಬೀರಲಿಂಗಯ್ಯ ಕೂತ, ಎದ್ದ, ಬಾಗಿಲಿಗೆ ಹೋಗಿ ಬಂದ. "ಬೀಗ್ರೆ, ಬಸ್ಸು ತಪ್ಪೋಯ್ತದೆ ಕಣ್ರೀ."

"ಓದ್ರೆ ಓಗ್ಲಿ ಬುಡಿ. ಉಳ್ಳಿಸಾರು ಚೆಂದಾಗೈತೆ. ಇನ್ನೊಂದ್ ಮುದ್ದೆ ಇಕ್ಕವ್ವ."

ಇಕ್ಕಿದ್ದಾಯಿತು. ಬೀಗರನ್ನು ಎಲೆಯ ಮುಂದಿನಿಂದ ಎಬ್ಬಿಸುವುದು ಹೇಗೆ? ಉಂಡ ಅಣ್ಣಯ್ಯ ಜಗಲಿಯ ಮೇಲೆ ಗೊರಕೆ ಹೊಡೆದ. ಎದ್ದು ನೋಡಿದರೆ, ಬೆಳಿಗ್ಗೆ ದಾಟಿದ್ದ ಕಡೆ ಮರದ ದಿಮ್ಮಿಗಳು ತೇಲುತ್ತಿದ್ದವು.

"ಇದೇನ್ ಬೀಗ್ರೆ?"

"ವಸಿ ನೀರು, ಅಷ್ಟೆಯ. ಇಳೀತದೆ ಬುಡಿ."

"ಯಾವಾಗ?"

ಬೀರಲಿಂಗಯ್ಯ ಆಕಾಶ ನೋಡಿದ. ಪುಟ್ಟಲಕ್ಷ್ಮಮ್ಮನೇ ಹೇಳಿದಳು: "ದಸರಾಕೆ ಕಣಣ್ಣ. ನನ್ನೂ ಇಂಗೇ ಬ್ಯಾಸ್ಗೇಲಿ ತಂದ್ರು. ಮೊದಲ್ನೇ ಮಳೇಲಿ ಅತ್ತಿದ್ದೇ ಅತ್ತಿದ್ದು."

ಅಣ್ಣಯ್ಯ ಹೊಳೆಯ ಕಡೆ ಕೈ ತೋರಿಸಿದ. "ಅಂಗಾರೆ ನಮ್ಮುಡ್ಗಿನೂ ಈ ನೀರ ನೋಡ್ಲಿ. ಊಂ ಅಂದ್ರೆ ಲಗ್ನ, ಇಲ್ದಿದ್ರೆ ಇಲ್ಲ."

ಒಂಬತ್ತು ಮನೆಗಳಲ್ಲಿ ಹೆಣ್ಣನ್ನೇ ಕೇಳುವುದು ಅದೇ ಮೊದಲು. ಅಣ್ಣಯ್ಯ ಹರಿಗೋಲಿನಲ್ಲಿ ಆಚೆ ದಾಟಿಹೋದ ಮೇಲೆ ಬೀರಲಿಂಗಯ್ಯನಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಕೋಳಿ ಕೂಗಿದರೂ ಆಚೆಯಿಂದ ಕರೆ ಬಂತೆಂದು ದಡಕ್ಕೆ ಓಡುತ್ತಿದ್ದ.

ಶ್ರಾವಣದಲ್ಲಿ ಅಪ್ಪ ಮಗಳು ಆಚೆ ದಡಕ್ಕೆ ಬಂದರು. ಮದುವೆ ಗಂಡೇ ಹರಿಗೋಲು ಒಯ್ದ. ಹುಡುಗಿ ತುಂಬಿದ ಹೊಳೆಯನ್ನು ನೋಡುತ್ತ ನಿಂತಳು. ಈಚೆ ಬೀರಲಿಂಗಯ್ಯನಿಗೆ ಮುಖ ಕಾಣದು, ಮಾತು ಕೇಳದು. ಅವಳು ಅಪ್ಪನಿಗೆ ಏನೋ ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹರಿಗೋಲಿಗೆ ಇಳಿದು, ಗಂಡಿನ ಕೈಯಿಂದ ಹುಟ್ಟು ಇಸಿದುಕೊಂಡಳು. ಹರಿಗೋಲು ಬುಗುರಿಯಂತೆ ಸುತ್ತುತ್ತ ಹೊರಟಿತು. ಅಣ್ಣಯ್ಯ ದಡದಲ್ಲೇ ಉಳಿದ.

ಬೀರಲಿಂಗಯ್ಯ ಸೊಸೆಯನ್ನು ಎದುರುಗೊಳ್ಳಲು ಸೊಂಟದವರೆಗೆ ನೀರಿಗಿಳಿದಿದ್ದ.

"ಮ್ಯಾಲಕ್ ಬನ್ನಿ," ಎಂದಳು ಪುಟ್ಟಲಕ್ಷ್ಮಮ್ಮ. "ನೀವ್ ಕೊಚ್ಕೊಂಡೋದ್ರೆ ಲಗ್ನ ಮುಂದಕ್ಕೋಯ್ತದೆ."