ಬೆರಳಿಡದೆ ಓದಿದ ಸಾಲು

ಅವರ ಹಣೆಯ ಕುಂಕುಮಕ್ಕೆ ಸದಾ ಒಂದು ನೀಲಿ ಅಂಚು ಇರುತ್ತಿತ್ತು. ದಿನವಿಡೀ ಜೀನ್ಸ್ ಬಟ್ಟೆ ತಿರುವಿ ತಿರುವಿ ಅವರ ಬೆರಳ ಸಂದಿ, ಉಗುರಿನ ಬುಡ ಎಲ್ಲಾ ಬಣ್ಣ ಹಿಡಿದಿತ್ತು. ಬೆವರು ಬಂದಾಗ ಆ ಕೈಯಲ್ಲೇ ಹಣೆ ಒರೆಸಿಕೊಳ್ಳುವರು, ಕಾಸಗಲದ ಕುಂಕುಮವನ್ನು ಬಿಟ್ಟು ಅದರ ಸುತ್ತ ಮಾತ್ರ. ಕಣ್ಣು ಮುಚ್ಚಿದರೆ ಇವತ್ತಿಗೂ ನನಗೆ ಮೊದಲು ಕಾಣುವುದು ಆ ಹಣೆಯೇ.

ರಾಯದುರ್ಗದಲ್ಲಿ ನಾವಿದ್ದದ್ದು ಜೀನ್ಸ್ ಹೊಲಿಯುವ, ಇಪ್ಪತ್ತು ಮೆಷಿನ್ನಿನ ಒಂದು ಚಿಕ್ಕ ಯೂನಿಟ್ಟು. ಪ್ಯಾಂಟಿನ ಗುಂಡಿ ತೂರುವ ಕಣ್ಣಿಗೆ ಕಾಜಾ ಅನ್ನುತ್ತಾರಲ್ಲ, ಅದನ್ನು ಹೊಲಿಯುವ ಮೆಷಿನ್ನು ಅವರದು. ಹಾಗಾಗಿ ಸಣ್ಣವರು ದೊಡ್ಡವರು ಎಲ್ಲರಿಗೂ ಅವರು ಕಾಜಾ ಅಕ್ಕ. ಊರು ಗುಮ್ಮಘಟ್ಟದ ಕಡೆ. ನಾನು ಮಡಕಶಿರಾ ಸೀಮೆಯ ಅಮರಾಪುರದ ಹತ್ತಿರದವಳು. ಡಿಗ್ರಿ ಎರಡನೇ ವರ್ಷಕ್ಕೆ ಬಿಡಿಸಿ, ಮದುವೆ ಮಾಡಿ ಇಲ್ಲಿಗೆ ಕಳಿಸಿದ್ದರು. ಆ ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇತ್ತು. ದಾರ ಕತ್ತರಿಸುವ ಕೆಲಸ ಕೊಟ್ಟು ಅಕ್ಕನ ಪಕ್ಕ ಕೂರಿಸಿದರು. ಮೊದಲ ದಿನ ಡಬ್ಬಿ ತೆಗೆದಾಗ ಮುದ್ದೆ ನೋಡಿ, "ಏ, ಮಡಕಶಿರಾದಕಿ ಬಂದಾಳ ನೋಡ್ರಿ, ಕ್ರಿಕೆಟ್ ಚೆಂಡು ತಂದಾಳ!" ಎಂದು ನಕ್ಕರು. ನಾನು ಮುಖ ಗಂಟಿಕ್ಕುವ ಮೊದಲೇ ಅರ್ಧ ಮುದ್ದೆ ಮುರಿದುಕೊಂಡು, ತಮ್ಮ ರೊಟ್ಟಿ, ಶೇಂಗಾ ಚಟ್ನಿ ನನ್ನ ಕಡೆ ತಳ್ಳಿದರು.

ಎರಡನೇ ವಾರವೋ ಏನೋ, ದಾರ ಕತ್ತರಿಸಲು ಹೋಗಿ ಕಾಜಾದ ಪಕ್ಕ ಬಟ್ಟೆಯನ್ನೇ ಕತ್ತರಿಸಿಬಿಟ್ಟೆ. ಒಂದಲ್ಲ, ನಾಲ್ಕು ಪ್ಯಾಂಟು! ಸೂಪರ್‌ವೈಸರ್ ಬಂಡಲ್ ಎತ್ತಿ ಹಿಡಿದು ಕೂಗಾಡಿದ. ಅಕ್ಕ ಮೆಷಿನ್ನಿನಿಂದ ತಲೆ ಎತ್ತದೆ, "ನನ್ನ ಮೆಷಿನ್ ಕತ್ತಿ ಸರಿ ಬೀಳವಲ್ದು ಅಂತ ನಿನ್ನಿನ ಹೇಳಿಲ್ಲೇನ್ರಿ? ಅದರದ ಕೆಲಸ ಅದು. ಆ ಹುಡುಗೀನ ಯಾಕ ಬೈತೀರಿ?" ಅಂದರು. ನಿನ್ನೆ ಅವರು ಏನೂ ಹೇಳಿರಲಿಲ್ಲ. ಕಾಜಾದ ಬಾಯಿ ಸೀಳುವ ಆ ಮೆಷಿನ್ನಿನ ಕತ್ತಿ ಹೊಚ್ಚ ಹೊಸದು. ಅವನು ಹೋದ ಮೇಲೆ ನಾನು ಅಳುಮೋರೆ ಮಾಡಿಕೊಂಡು ಕೂತರೆ ಗದರಿದರು: "ಇನ್ನೊಬ್ಬರ ಮಾನಕ್ಕ ಹೇಳಿದ ಸುಳ್ಳಿಗೆ ಮುಖ ಸಣ್ಣದು ಮಾಡಬಾರದು ತಂಗಿ. ಹೇಳಿದ್ವಿ ಅಂದ ಮ್ಯಾಲ ಹೊತ್ಕಂಡು ನಿಲ್ಲಬೇಕು."

ಯೂನಿಟ್ಟಿಗೆ ಚೀನಾದ ಹುಚ್ಚು ಹಿಡಿಸಿದ ಪುಣ್ಯಾತ್ಗಿತ್ತಿ ನಾನೇ. ಫೋನಿನಲ್ಲಿ ಹಳೇ ಕಾಲದ ಒಂದು ಚೀನಾ ಧಾರಾವಾಹಿ ಸಿಕ್ಕಿತ್ತು. ತೆಲುಗಿನಲ್ಲಿ ಮಾತಾಡಿಸಿದ್ದರು, ಆಂಧ್ರದ ಈ ಗಡಿಯಲ್ಲಿ ತೆಲುಗು ಬಾರದವರು ಯಾರು? ಒಬ್ಬ ಸೇನಾಪತಿ, ಅವನಿಗೆ ಒಬ್ಬ ವೈದ್ಯನ ಮಗಳು, ನಡುವೆ ಕಲ್ಲು ಹಾಕುವ ಒಬ್ಬ ಮುದುಕ ಚಕ್ರವರ್ತಿ. ಊಟದ ಹೊತ್ತಿಗೆ ದಾರದ ಉಂಡೆಗೆ ಫೋನು ಆನಿಸಿ ಇಟ್ಟರೆ, ಇಪ್ಪತ್ತು ತಲೆ ಸುತ್ತ ಸೇರುತ್ತಿದ್ದವು. ಹೊಲಿಯುವವರ ಕಣ್ಣು ಎಲ್ಲಿ ಹೋದೀತು? "ಆ ತೋಳು ನೋಡ್ರೇ, ಒಂದೊಂದಕ್ಕ ಮೂರು ಮೀಟರ್ ಬಟ್ಟಿ!" ಎನ್ನುವರು ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕಿನವರು. ಕಾಜಾ ಅಕ್ಕನಿಗೆ ಬೇರೆಯೇ ಚಿಂತೆ: "ಅರಮನಿ ತುಂಬ ಜನ, ಒಬ್ಬರ ಅಂಗಿಗೂ ಗುಂಡಿ ಇಲ್ಲ, ಕಾಜಾ ಇಲ್ಲ. ಬರೇ ಕಟ್ಟೂದು. ಈ ದೇಶದಾಗ ಹುಟ್ಟಿದ್ರ ನಾ ಉಪಾಸ ಸಾಯ್ತಿದ್ದೆ ನೋಡು!" ಆ ಸೇನಾಪತಿಯನ್ನು ಅವರು ಅಳಿಯ ಅನ್ನುತ್ತಿದ್ದರು. ಅಳಿಯ ಯುದ್ಧಕ್ಕೆ ಹೊರಟರೆ ರೊಟ್ಟಿ ಕೈಯಲ್ಲೇ ಉಳಿಯುತ್ತಿತ್ತು.

ಕೊನೆಯ ನಾಲ್ಕು ಕಂತಿಗೆ ಬಂದಾಗ ತೆಲುಗು ನಿಂತುಹೋಯಿತು. ಬರೀ ಚೀನೀ ಮಾತು, ಕೆಳಗೆ ಇಂಗ್ಲಿಷ್ ಅಕ್ಷರ. ಓದಿ ಹೇಳುವ ಕೆಲಸ ಅರ್ಧ ಡಿಗ್ರಿಯ ನನ್ನ ತಲೆಗೆ ಬಂತು. ನಾನು ಅಕ್ಷರದ ಕೆಳಗೆ ಬೆರಳು ಸರಿಸುತ್ತಾ ಓದಿ, ಕನ್ನಡದಲ್ಲಿ ಹೇಳುತ್ತಿದ್ದೆ. ಅಕ್ಕ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರು ನನ್ನ ಬೆರಳನ್ನೇ ನೋಡುತ್ತಿದ್ದರು.

ಅದೇ ವಾರ ಅಕ್ಕನ ಮೈದುನ ಯೂನಿಟ್ಟಿನ ಬಾಗಿಲಿಗೆ ಬಂದ. ಅಕ್ಕನ ಗಂಡ ಮಗಳಿಗೆ ಎರಡು ವರ್ಷವಿದ್ದಾಗ ದುಡಿಯಲೆಂದು ಗುಳೇ ಹೋದವನು. ಮುಂಬೈ ಅಂದರು, ಪುಣೆ ಅಂದರು, ಆಮೇಲೆ ಯಾರೂ ಏನೂ ಅನ್ನಲಿಲ್ಲ. ಮಗಳಿಗೀಗ ಇಪ್ಪತ್ತೊಂದು, ಮದುವೆ ಗೊತ್ತಾಗಿತ್ತು. ಹನ್ನೆರಡು ವರ್ಷ ದಾಟಿದರೂ ಸುದ್ದಿಯಿಲ್ಲದವನ ಹೆಸರಿನಲ್ಲಿ ಹುಲ್ಲಿನ ಗೊಂಬೆ ಮಾಡಿ, ಅವನ ಹಳೇ ಅಂಗಿ ತೊಡಿಸಿ, ಸುಟ್ಟು ದಿನ ಮಾಡಬೇಕು ಎನ್ನುವುದು ಅವರ ಮನೆತನದ ಪದ್ಧತಿ. ಅದಾಗದೆ ಮದುವೆ ಬೇಡ ಎಂದು ಹಿರಿಯರ ಹಟ. ಗಂಡನ ಒಂದು ಅಂಗಿ ಅಕ್ಕನ ಟ್ರಂಕಿನಲ್ಲಿತ್ತು. ಮೈದುನ ಬಂದದ್ದು ಅದನ್ನು ಕೇಳಲು.

ಅಂಗಿ ಕೊಟ್ಟರೆ ಮುಂದಿನದು ನಮಗೆಲ್ಲ ಗೊತ್ತು. ಬಳೆ ಒಡೆಯುತ್ತಾರೆ, ಕುಂಕುಮ ಒರೆಸುತ್ತಾರೆ. ಒಬ್ಬಳೇ ಸಾಕಿದ ಮಗಳ ಮದುವೆಯಲ್ಲಿ ಅರಿಶಿನ ಮುಟ್ಟುವಂತಿಲ್ಲ, ಹಿಂದೆ ಎಲ್ಲೋ ಕಂಬದ ಮರೆಗೆ ನಿಲ್ಲಬೇಕು. ನನಗೆ ಮೈಯೆಲ್ಲ ಉರಿದು, "ಕೊಡ್ಬೇಡಿ ಕಣಕ್ಕ, ಯಾವನೇನ್ ಮಾಡ್ತಾನೆ?" ಅಂದೆ. ಅಕ್ಕ ನಕ್ಕರು.

"ನಿಂಗ ಅಷ್ಟು ಸಸಾರ ಐತಿ. ನಂಗೂ ಮನಸ್ಸು ಒಂದ ಕಡಿ ನಿಂದ್ರವಲ್ದು. ಕೊಡಲಿಲ್ಲ ಅಂದ್ರ ಮಗಳಿಗೆ ಕೆಟ್ಟದಾಗ್ತೈತೇನೋ ಅನಸ್ತೈತಿ." ಆಮೇಲೆ ಎಲ್ಲರಿಗೂ ಕೇಳುವಂತೆ, "ದೇವರ ಹತ್ರ ಹೂವು ಕೇಳ್ತೀವಲ್ಲ, ಬಲಕ್ಕ ಬಿದ್ರ ಹೌದು, ಎಡಕ್ಕ ಬಿದ್ರ ಇಲ್ಲ ಅಂತ? ಹಂಗ ಈ ಕತಿ ಕೇಳ್ತೀನಿ. ಅಳಿಯ ಬಂದ್ರ ಅಂಗಿ ಟ್ರಂಕಿನಾಗ. ಬರಲಿಲ್ಲ ಅಂದ್ರ ಮೈದುನನ ಕೈಯಾಗ!"

ಎಲ್ಲರೂ ಗೊಳ್ಳೆಂದು ನಕ್ಕರು. ನಾನು ನಗಲಿಲ್ಲ. ಅವರು ತಮಾಷೆಗೆ ಹೇಳಿರಲಿಲ್ಲ, ಮತ್ತು ಆ ಹೂವು ಓದಬೇಕಾದವಳು ನಾನು.

ಕೊನೆಯ ಕಂತು ನೋಡಿದ್ದು ಒಂದು ಮಧ್ಯಾಹ್ನ, ಕರೆಂಟು ಹೋಗಿ ಮೆಷಿನ್ನುಗಳೆಲ್ಲ ನಿಂತಾಗ. ಸೇನಾಪತಿ ಕಣಿವೆಯೊಂದರ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಅವನ ಜನ ಒಂದು ಪೆಟ್ಟಿಗೆ ತಂದರು. ಅದರಲ್ಲಿ ಹೆಣವಿಲ್ಲ. ಮಡಿಸಿಟ್ಟ ಅವನ ಅಂಗಿ ಇತ್ತು. ಅದನ್ನು ಗುಂಡಿಗಿಳಿಸಿ ಮಣ್ಣು ಎಳೆದರು.

"ಯಾಕ ಅಂಗಿ ಹೂಳ್ತಾರ?" ಅಕ್ಕ ಕೇಳಿದರು. ಅವರ ದನಿ ಹಾಗೆ ಸಣ್ಣಗಾದದ್ದನ್ನು ನಾನು ಕೇಳಿಯೇ ಇರಲಿಲ್ಲ.

ಪರದೆಯ ಮೇಲೆ ಹಿಮ. ಆ ಹುಡುಗಿ ಬಾಗಿಲಲ್ಲಿ ನಿಂತಿದ್ದಾಳೆ, ದೂರದಿಂದ ಒಂದು ಕುದುರೆ ಬರುತ್ತಿದೆ. ಕೆಳಗೆ ಅಕ್ಷರ ಮೂಡಿತು. ಸೇನಾಪತಿ ಆ ಕಣಿವೆಯಲ್ಲೇ ಮಡಿದ, ಅವಳು ಮೂವತ್ತು ವರ್ಷ ಆ ಬಾಗಿಲಲ್ಲೇ ಕಾದಳು, ಕುದುರೆ ಬಂದದ್ದು ಅವಳ ಕನಸಿನಲ್ಲಿ. ಅಷ್ಟೇ ಇದ್ದದ್ದು.

"ಅವ್ನು ಸತ್ತ ಅಂತ ವೈರಿಗಳು ನಂಬ್ಲಿ ಅಂತ ಬರೀ ಅಂಗಿ ಹೂಳಿದ್ರಂತೆ ಕಣಕ್ಕ," ಅಂದೆ. "ಮೂರು ವರ್ಷ ಬಿಟ್ಕೊಂಡು ತಿರುಗಿ ಬಂದ್ನಂತೆ. ಬತ್ತಾ ಐತಲ್ಲ, ಆ ಕುದುರೆ ಮೇಲಿರೋನು ಅವನೇ."

ಹೋ ಎಂದು ಚಪ್ಪಾಳೆ. ಆಮೇಲೆ ಶುರುವಾಯಿತು ನೋಡಿ ಜಗಳ! ಓವರ್‌ಲಾಕಿನವರು ಎದ್ದೇ ನಿಂತರು: "ಕುದುರಿ ತೋರಿಸಿ ಮನಿಗೆ ಕಳಿಸ್ತಾರೇನ್ರಿ? ಮುಖ ತೋರಿಸಬೇಕಿಲ್ಲ? ಇಷ್ಟು ದಿನ ಅಳಿಸಿ, ಒಂದು ಮದುವಿ ಊಟ ಹಾಕಲಾರದ ಕತಿ!" ಇನ್ನೊಬ್ಬಳಿಗೆ ಬೇರೆ ಸಿಟ್ಟು: "ಮೂರು ವರ್ಷ ಎಲ್ಲಿ ಹಾಳಾಗಿ ಹೋಗಿದ್ದ? ಒಂದು ಕಾಗದ ಹಾಕಾಕ ಬರ್ತಿದ್ದಿಲ್ಲೇನು?" ಆ ಮುದುಕ ಚಕ್ರವರ್ತಿಯ ವಂಶಕ್ಕೆಲ್ಲ ಶಾಪ ಬಿತ್ತು.

ಅಕ್ಕ ಮಾತ್ರ ಫೋನಿನ ಹತ್ತಿರ ಸರಿದರು. ಕಂತಿನ ಕೆಳಗೆ ನೋಡಿದವರು ಏನು ಬರೆದಿದ್ದಾರೆ, ತೋರಿಸು ಅಂದರು. ದಿನಾ ಅದನ್ನೂ ಓದಿಸಿಕೊಳ್ಳುತ್ತಿದ್ದರು. ತೆರೆದೆ. ಯಾವ ಯಾವ ದೇಶದವರೋ ಸಾಲು ಸಾಲಾಗಿ ಗೋಳಾಡಿದ್ದರು. ತೆಲುಗಿನ ಒಬ್ಬಳು, ಇವತ್ತು ಒಲೆ ಹಚ್ಚಿಲ್ಲ, ಗಂಡ ಹಸಿದು ಕೂತಿದ್ದಾನೆ ಎಂದು ಬರೆದಿದ್ದಳು. ಅಕ್ಷರಕ್ಕಿಂತ ಹೆಚ್ಚಾಗಿ ಅಳುವ ಹಳದಿ ಮುಖಗಳು.

"ಅಳಿಯ ಬಂದ ಮ್ಯಾಲ ಇವರೆಲ್ಲ ಯಾಕ ಅಳ್ತಾರ?"

"ಖುಷಿಗೆ ಕಣಕ್ಕ."

"ಮತ್ತ ಈ ಎದಿ ಯಾಕ ಒಡದೈತಿ?" ನೀಲಿ ಉಗುರು ಎರಡು ಹೋಳಾದ ಒಂದು ಕೆಂಪು ಎದೆಯ ಮೇಲೆ ನಿಂತಿತ್ತು.

ಅಷ್ಟರಲ್ಲಿ ಕರೆಂಟು ಬಂತು, ಎಲ್ಲರೂ ಮೆಷಿನ್ನಿಗೆ ಓಡಿದರು. ಬದುಕಿದೆಯಾ ಬಡಜೀವವೇ ಎಂದುಕೊಂಡೆ.

ಸಂಜೆ ಮೈದುನ ಬಾಗಿಲಲ್ಲೇ ಕಾದಿದ್ದ. "ಅಂಗಿ ಕೊಡಂಗಿಲ್ಲ. ಅಳಿಯ ಬಂದಾನ," ಅಂದರು ಅಕ್ಕ. "ಯಾವ ಅಳಿಯ? ಇನ್ನೂ ಮದುವಿನ ಆಗಿಲ್ಲಲ್ಲ ಅತ್ತಿಗಿ!" ಎಂದು ಅವನು ಬಾಯಿ ಬಿಟ್ಟು ನಿಂತ. ನಾವು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆವು.

ಹಿರಿಯರು ಹಾರಾಡಿದರು, ಆದರೆ ಮದುವೆ ನಿಲ್ಲಲಿಲ್ಲ. ಧಾರೆಗೆ ಮೈದುನ ದಂಪತಿಗಳು ಕೂತರು, ಅದಕ್ಕೆ ಅಕ್ಕ ಬೇಡ ಅನ್ನಲಿಲ್ಲ. ಅರಿಶಿನ ಮಾತ್ರ ಮೊದಲು ಹಚ್ಚಿದ್ದು ಅವರೇ. ನೀಲಿ ಉಗುರಿಗೆ ಅರಿಶಿನ ಬಿದ್ದು ಹಸಿರಾಯಿತೆಂದು ಹೆಂಗಸರು ಹಾಸ್ಯ ಮಾಡಿದರು. ಅಕ್ಕ ಆ ಕೈಯನ್ನು ಎಲ್ಲರಿಗೂ ಎತ್ತೆತ್ತಿ ತೋರಿಸಿದರು. ಅಷ್ಟು ಸಂತೋಷವನ್ನು ನಾನು ಅವರ ಮುಖದಲ್ಲಿ ಮತ್ತೆ ನೋಡಲಿಲ್ಲ.

ಎರಡು ತಿಂಗಳಿಗೆ ಕೊನೆಯ ಕಂತುಗಳೂ ತೆಲುಗಿನಲ್ಲಿ ಬಂದವು. ಅಯ್ಯೋ, ಆ ದಿನ ಬೇಡ! ಸೇನಾಪತಿ ಸತ್ತ ಸುದ್ದಿ ಎಲ್ಲರ ಕಿವಿಗೆ ಸ್ಪಷ್ಟವಾಗಿ ಬಿತ್ತು. "ಏನವ್ವಾ ನೀನು, ಹಾಡಹಗಲ ಸುಳ್ಳು ಓದಿದೇನು? ಇದ ಏನು ನಿನ್ನ ಡಿಗ್ರಿ?" ಎಂದು ಎಲ್ಲರೂ ಮೇಲೆ ಬಿದ್ದರು. ನಾನು ಅಕ್ಕನ ಮುಖ ನೋಡಲಾರದೆ ಕತ್ತರಿ ನೋಡುತ್ತಾ ಕೂತೆ.

"ಬಿಡ್ರೇ ಆಕೀನ," ಅಂದರು ಅಕ್ಕ. "ನಂಗ ಅವತ್ತ ಗೊತ್ತಾಗಿತ್ತು."

ನಾನು ತಲೆ ಎತ್ತಿದೆ.

"ದಿನಾ ಓದೂವಾಗ ಬೆರಳು ಸಾಲಿನ ಮ್ಯಾಲ ಓಡ್ತಿತ್ತು. ಅವತ್ತು ನಿನ್ನ ಬೆರಳು ಮಡಿಲಾಗಿತ್ತು, ಕಣ್ಣು ನನ್ನ ಮ್ಯಾಲಿತ್ತು. ಅದೂ ಹೋಗಲಿ, ಒಡದ ಎದಿ ಓದಾಕ ಸಾಲಿ ಬೇಕೇನು?"

"ಮತ್ತೆ ಅಂಗಿ ಯಾಕೆ ಕೊಡ್ಲಿಲ್ಲ ಅಕ್ಕಯ್ಯ?" ನನ್ನ ಕಣ್ಣಲ್ಲಿ ನೀರು ಬಂದಿತ್ತು.

"ಅವ ಬರಂಗಿಲ್ಲ ಅಂತ ನಂಗೂ ಗೊತ್ತೈತಿ ತಂಗಿ. ಕುಂಕುಮ ಅವ ತಂದಿದ್ದಲ್ಲ. ನಾ ತೊಟ್ಟಿಲಾಗಿದ್ದಾಗ ನಮ್ಮವ್ವ ಇಟ್ಟಿದ್ದು. ಬ್ಯಾಡ ಅನ್ನಾಕ ಒಬ್ಬರಾದ್ರೂ ನನ್ನ ಕಡಿ ಅದಾರೇನು ಅಂತ ನೋಡ್ತಿದ್ದೆ. ನೀ ನಂಗೋಸ್ಕರ ಅಷ್ಟು ದೊಡ್ಡ ಸುಳ್ಳು ಓದಿದಿ. ನನ್ನ ಹೂವು ಬಲಕ್ಕ ಬಿತ್ತು ಅಂದ್ಕಂಡೆ."

ವರ್ಷಕ್ಕೆ ಅಕ್ಕನ ಮಗಳು ಹೆತ್ತಳು. ಕೂಸು ನೋಡಲು ಹೋದಾಗ ಅದು ಒಂದು ಮೆತ್ತನೆಯ ಹಳೇ ಬಟ್ಟೆಯ ಮೇಲೆ ಮಲಗಿತ್ತು. ಅಂಚಿನಲ್ಲಿ ಒಂದು ಹಳೇ ಕಾಜಾ ಕಂಡಿತು. ಟ್ರಂಕಿನ ಅಂಗಿ! ಹುಟ್ಟಿದ ಕೂಸಿಗೆ ಹಳೇ ಬಟ್ಟೆಯೇ ಹಿತ ಎಂದು ಬಿಚ್ಚಿ ಹೊಲಿದಿದ್ದರಂತೆ. "ಇನ್ನ ಸುಡ್ತೀನಂದ್ರೂ ಅಂಗೀನ ಇಲ್ಲ ನೋಡು," ಎಂದು ಕೂಸಿನ ಹೊಟ್ಟೆಗೆ ಮುತ್ತಿಟ್ಟರು.

ಆಮೇಲೆ ಎರಡೇ ವರ್ಷ ಇದ್ದರು. ಒಂದು ಭಾನುವಾರ ಬೆಳಿಗ್ಗೆ ಎದೆನೋವು ಎಂದು ಕೂತವರು ಏಳಲಿಲ್ಲ. ನಾವು ಯೂನಿಟ್ಟಿನವರೆಲ್ಲ ಆಟೋ ಮಾಡಿಕೊಂಡು ಅವರ ಊರಿಗೆ ಹೋದೆವು. ಅಕ್ಕನಿಗೆ ಕೊನೆಯ ನೀರು ಹಾಕಿ ಅಂಗಳದಲ್ಲಿ ಕೂರಿಸಿದ್ದರು. ಅರಿಶಿನ ಕುಂಕುಮದ ತಟ್ಟೆ ಹಿಡಿದ ಮುದುಕಿಯೊಬ್ಬಳು ಮುಂದೆ ಹೋಗಲಾರದೆ ನಿಂತಿದ್ದಳು. ಮುತ್ತೈದೆ ಎಂದು ಕಳಿಸಬೇಕೋ ಬೇಡವೋ ಎಂಬ ಚರ್ಚೆ. ಮಗಳು ತಾಯಿಯ ಕಾಲ ಹತ್ತಿರ ಕೂತು ಅಳುತ್ತಿದ್ದಳು.

"ಇಷ್ಟು ವರ್ಷ ಸುದ್ದಿ ಇಲ್ಲ," ಅಂದ ಮೈದುನ. "ಅಣ್ಣ ಅದಾನಂತ ಯಾರು ಹೇಳ್ಯಾರ?"

ನಮ್ಮ ಓವರ್‌ಲಾಕಿನವರು ನನ್ನ ಮುಖ ನೋಡಿದರು. ನನಗೆ ಆ ನಾಲ್ಕು ಪ್ಯಾಂಟು ನೆನಪಾಯಿತು, ಮೆಷಿನ್ನಿನಿಂದ ತಲೆಯೆತ್ತದೆ ಅಕ್ಕ ಆಡಿದ ಮಾತು ನೆನಪಾಯಿತು.

"ನಾನು ಹೇಳಿದೀನಿ," ಅಂದೆ. "ಓದೇ ಹೇಳಿದೀನಿ."

ಮುಖ ಸಣ್ಣದು ಮಾಡಲಿಲ್ಲ. ಮುದುಕಿಯ ಕೈಯಿಂದ ತಟ್ಟೆ ಇಸಿದುಕೊಂಡು ಹೋಗಿ, ಎಷ್ಟು ನೀರು ಹಾಕಿದರೂ ಹೋಗದಿದ್ದ ಆ ನೀಲಿ ಅಂಚಿನ ನಡುವೆ, ಈ ಸಲ ಬೆರಳಿಟ್ಟು, ಕಾಸಗಲದ ಕುಂಕುಮ ಹಚ್ಚಿದೆ.