ಕೂರದೆ ಹೊರಟವರು

ಮೊನ್ನೆ ಸಿಡ್ನಿಯ ಚಾಟ್ಸ್‌ವುಡ್‌ನ ನಮ್ಮ ಆಫೀಸಿನಲ್ಲಿ ಯಾರೋ ಊಟದ ಡಬ್ಬಿ ತೆರೆದರು. ಸಬ್ಬಸಿಗೆ ಸೊಪ್ಪಿನ ಘಮ. ನಮ್ಮೂರ ಕಡೆಯವರಿಗೆ ಅಕ್ಕಿರೊಟ್ಟಿ ನೆನಪಾಗುತ್ತದೆ. ನನಗೆ ನಾವು ಮೊದಲಿದ್ದ ಮೆಲ್ಬರ್ನಿನ ವೆರಿಬೀಯಲ್ಲಿ ಪಕ್ಕದ ಮನೆಯಲ್ಲಿದ್ದ ಯುಕ್ರೇನಿನ ಆಂಟಿ ನೆನಪಾದರು... ಹಿಂದೆಯೇ ಅವರ ಮಗ. ಊಟ ಬಿಟ್ಟು ಎದ್ದೆ.

ಆಂಟಿ ಬೇಲಿಯಾಚೆ ಸಬ್ಬಸಿಗೆ ಕೊಯ್ಯುತ್ತಾ ನನಗೆ ಅವರ ಭಾಷೆ ಕಲಿಸುತ್ತಿದ್ದರು. ಇಂಗ್ಲಿಷಿನ ‘ಗೋ’ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನಡೆದರೂ ಗೋ, ಕಾರು ಹತ್ತಿದರೂ ಗೋ, ಹಾಲು ಕೆಟ್ಟರೂ ಗೋ! ಅವರಲ್ಲಿ ನಡೆದು ಹೋಗುವುದು ‘ಇತಿ’, ಗಾಡಿಯಲ್ಲಿ ಹೋಗುವುದು ‘ಯೀಖತಿ’. ಹೋಗಿ ಬರುವುದಕ್ಕೆ ಒಂದು ಮಾತು, ಬಿಟ್ಟೇ ಹೋಗುವುದಕ್ಕೆ ಇನ್ನೊಂದು. ನಾವು ‘ಹೋಗಿ ಬರ್ತೀನಿ’ ಅನ್ನುತ್ತೇವೆ ಎಂದಾಗ ಮಣ್ಣುಗೈಯಲ್ಲೇ ಚಪ್ಪಾಳೆ ತಟ್ಟಿದ್ದರು.

ಅವರಲ್ಲೊಂದು ಪದ್ಧತಿ. ದೂರ ಹೊರಡುವ ಮುನ್ನ ಎಲ್ಲರೂ ಒಂದು ಗಳಿಗೆ ಮಾತಿಲ್ಲದೆ ಕೂರಬೇಕು. ಊರು ಬಿಟ್ಟಾಗಲೂ ಹಾಗೆ ಕೂತೇ ಎದ್ದಿದ್ದರಂತೆ.

ಒಂದು ಬೆಳಿಗ್ಗೆ ಮಗ ಕಾರು ತಂದ. ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರಲು ಹೋದ ಆಂಟಿಯನ್ನು ನಗುತ್ತಾ ಏನೋ ಹೇಳಿ ತಡೆದ. ಅವರೂ ನಕ್ಕು, ಸಂಜೆ ಸೂಪ್ ಕೊಡುತ್ತೇನೆಂದು ನನಗೆ ಸನ್ನೆ ಮಾಡಿ ಕಾರು ಹತ್ತಿದರು.

ಮಧ್ಯಾಹ್ನ ಅವನೊಬ್ಬನೇ ಬಂದ.

“ಅಮ್ಮನ್ನ ವೃದ್ಧರ ಹೋಮ್‌ಗೆ ಸೇರಿಸ್ದೆ. ಮನೆ ಮಾರ್ಬೇಕು,” ಎಂದ ಇಂಗ್ಲಿಷಿನಲ್ಲಿ. “ನಿಜ ಹೇಳಿದ್ರೆ ಎಲ್ಲಿ ಬರ್ತಿದ್ಲು? ಡಾಕ್ಟರ್ ಹತ್ರ ಹೋಗಿ ಬರೋಣ, ಕೂರೋದೇನೂ ಬೇಡ ಅಂತ ಅವಳ ಭಾಷೇಲೇ ಹೇಳ್ದೆ. ನಂಬಿದ್ಲು.”

ಏನೋ ಸಾಧಿಸಿದವನ ಹಾಗೆ ಹಲ್ಲು ಕಿರಿದ. ಥೂ! ತಾಯಿ ಕಲಿಸಿದ ಮಾತನ್ನು ತಾಯಿಗೇ ಬಲೆ ಮಾಡಿದ್ದ.

“ಬೇರೆಯವ್ರ ಮನೆ ವಿಷ್ಯ ಕಣೇ, ಸುಮ್ನಿರು,” ಎಂದರು ನಮ್ಮವರು. ನಾನು ಸುಮ್ಮನಿರದೆ ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಏನು ಬಂತು? ವಾರ ಕಳೆಯುವುದರೊಳಗೆ ಸಬ್ಬಸಿಗೆ ಮಡಿಯ ಮೇಲೆ ‘ಮಾರಾಟಕ್ಕಿದೆ’ ಬೋರ್ಡು ನಿಂತಿತು.

ನೋಡಲು ಹೋದಾಗಲೆಲ್ಲ ಆಂಟಿ ಕಿಟಕಿಯ ಪಕ್ಕ ಕೋಟು ತೊಟ್ಟು ನಿಂತೇ ಇರುತ್ತಿದ್ದರು. ನರ್ಸುಗಳು ಕೂರಿಸಿದರೆ ಮತ್ತೆ ಏಳುತ್ತಿದ್ದರು.

“ನಾನು ಮನೇಲಿ ಕೂತಿಲ್ಲ,” ಎಂದರು ನನ್ನ ಕೈ ಹಿಡಿದು. “ಕೂತಿಲ್ಲ ಅಂದ್ಮೇಲೆ ಹೊರಟೇ ಇಲ್ಲ. ವಾಪಸ್ ಹೋಗ್ಬೇಕು.”

ಅವರನ್ನು ಯಾರೂ ವಾಪಸ್ ಕರೆದೊಯ್ಯಲಿಲ್ಲ. ಚಳಿಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು...

ಈಗ ಸಿಡ್ನಿಯಲ್ಲಿ ಬೆಳಿಗ್ಗೆ ಆಫೀಸಿಗೆ ಹೊರಟಾಗ ಬಾಗಿಲಲ್ಲಿ ‘ಹೋಗಿ ಬರ್ತೀನಿ’ ಬಾಯಿಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ. ಅಂಥ ಒಳ್ಳೆಯ ಮಾತನ್ನು ಆ ಮನುಷ್ಯ ಎಂಜಲು ಮಾಡಿಬಿಟ್ಟ.